ಬಾಗಿಲಲ್ಲಿ ಕುಳಿತ ಉಪ್ಪು

ನಾನು ಕುಂಬಳೆಯವಳು. ಕುಂಬಳಕಾಯಿಯ ಹೆಸರು ಹೊತ್ತ ಅಣುವೊಂದರ ಹಿಂದೆ ಒಂದೂವರೆ ವರ್ಷ ಅಲೆದೆ ಎಂದರೆ ಊರಿನವರು ನಗುತ್ತಾರೆ. ಕುಕುರ್ಬಿಟುರಿಲ್ ಎಂಬ ಹೆಸರು ಬಂದದ್ದು ಕುಂಬಳದ ಸಸ್ಯಕುಟುಂಬದ ಲ್ಯಾಟಿನ್ ಹೆಸರಿನಿಂದಲೇ. ಸಿಹಿಕುಂಬಳದ ಮೇಲನ್ನೂ ಕೆಳಗನ್ನೂ ಕತ್ತರಿಸಿ ತಿರುಳು ತೆಗೆದರೆ ಹೇಗಿರುತ್ತದೋ ಈ ಅಣುವಿನ ಆಕಾರವೂ ಹಾಗೆಯೇ: ಒಳಗೆ ಪೊಳ್ಳು, ಎರಡು ಕಡೆಯೂ ಬಾಗಿಲು. 1905ರಲ್ಲಿ ಜರ್ಮನಿಯ ಬೆಹ್ರೆಂಡ್ ಇದನ್ನು ತಯಾರಿಸಿದ್ದರೂ ರಚನೆ ತಿಳಿದದ್ದು 1981ರಲ್ಲಿ, ಮಾಕ್ ಮತ್ತು ಸಂಗಡಿಗರಿಂದ. ಆರು ಘಟಕಗಳ ಆ ಉಂಗುರ ನೀರಿನಲ್ಲಿ ಕರಗುವುದೇ ಕಷ್ಟ. 2000ದಲ್ಲಿ ಕೊರಿಯದ ಕಿಮೂನ್ ಕಿಮ್ ಅವರ ತಂಡ ಬೇರ್ಪಡಿಸಿದ ಏಳು ಘಟಕಗಳ ಉಂಗುರ ಚೆನ್ನಾಗಿ ಕರಗುತ್ತದೆ. ನನ್ನ ಕೆಲಸ ಅದರೊಂದಿಗೆ: ಹಳತಾದ ಮೀನಿನಲ್ಲಿ ಹುಟ್ಟುವ ಅಮೈನುಗಳನ್ನು, ಅಂದರೆ ಸಾರಜನಕವಿರುವ ಒಂದು ಬಗೆಯ ಅಣುಗಳನ್ನು, ಅದರಿಂದ ಅಳೆಯುವುದು.

ಆ ಉಂಗುರದ ಒಂದೊಂದು ಬಾಗಿಲಲ್ಲೂ ಏಳು ಆಮ್ಲಜನಕ ಪರಮಾಣುಗಳಿವೆ. ಅವು ಋಣಾತ್ಮಕವಾಗಿ ವಾಲಿರುವುದರಿಂದ ಧನ ವಿದ್ಯುದಂಶದ ಅಮೈನುಗಳೆಂದರೆ ಅವಕ್ಕೆ ಪ್ರೀತಿ. ಒಳಗಿರುವ ನೀರಿನ ಅಣುಗಳಿಗೆ ಪರಸ್ಪರ ಕೈಹಿಡಿಯಲು ಜಾಗ ಸಾಲದು. ಅವನ್ನು ಹೊರದಬ್ಬಿ ಇಂಗಾಲದ ಸರಪಳಿ ಒಳಗೆ ಕೂತರೆ ಎಲ್ಲರಿಗೂ ನೆಮ್ಮದಿ. ಐದು ಇಂಗಾಲದ ಸರಪಳಿಯ ಎರಡು ತುದಿಯಲ್ಲೂ ಅಮೈನ್ ಇರುವ ಕಡಾವರಿನ್ ಅಂಥ ಅತಿಥಿ. ಮೀನು ಕೊಳೆಯುವಾಗ ಲೈಸಿನ್ ಎಂಬ ಅಮೈನೋ ಆಮ್ಲದಿಂದ ಹುಟ್ಟುವುದು ಇದೇ.

ಕಡಾವರಿನ್‌ಗೆ ಬಣ್ಣವಿಲ್ಲ, ಉಂಗುರಕ್ಕೂ ಇಲ್ಲ. ಹಾಗಾಗಿ ನಡುವೆ ಆಕ್ರಿಡಿನ್ ಆರೆಂಜ್ ಎಂಬ ಬಣ್ಣವನ್ನು ಬಿಡುತ್ತೇವೆ. ಅದು ಉಂಗುರದೊಳಗೆ ಹೋದರೆ ಹಸಿರಾಗಿ ಹೆಚ್ಚು ಹೊಳೆಯುತ್ತದೆ. ಬಲವಾದ ಅಮೈನ್ ಬಂದು ಅದನ್ನು ಎಬ್ಬಿಸಿ ಕಳಿಸಿದರೆ ಹೊಳಪು ಇಳಿಯುತ್ತದೆ. ಎರಡು ಮೈಕ್ರೋಮೋಲಾರ್ ಬಣ್ಣಕ್ಕೆ ಇಪ್ಪತ್ತು ಮೈಕ್ರೋಮೋಲಾರ್ ಉಂಗುರ, ಇದು ನನ್ನ ಅಳತೆ. ಮೋಲಾರ್ ಎಂದರೆ ದ್ರಾವಣ ಎಷ್ಟು ಗಟ್ಟಿ ಎಂಬ ಲೆಕ್ಕ; ಸಾವಿರ ಮೈಕ್ರೋ ಸೇರಿದರೆ ಒಂದು ಮಿಲಿ. (ಈ ಬಣ್ಣ ಡಿಎನ್‌ಎಗೂ ಅಂಟುವಂಥದ್ದು. ಕೈಗವಸು ಹಾಕದೆ ಮುಟ್ಟಬಾರದು.)

ನನ್ನ ಮೊದಲ ಮೂರು ತಿಂಗಳು ಹಾಳಾದವು. ಉಂಗುರ ಸೇರಿಸಿದರೂ ಹೊಳಪು ಏರಿದ್ದು ಚೂರೇ ಚೂರು. ಉಂಗುರದ ಪುಡಿ ಸರಿಯಿಲ್ಲ ಎಂದುಕೊಂಡೆ. ಆ ಬಿಳಿಯ ಪುಡಿ ನೀರನ್ನೂ ಆಮ್ಲವನ್ನೂ ಹಿಡಿದಿಟ್ಟುಕೊಂಡಿರುತ್ತದೆ, ತೂಗಿದಷ್ಟೂ ಉಂಗುರವೇ ಇರುವುದಿಲ್ಲ. ಅದನ್ನು ಲೆಕ್ಕ ಹಾಕಿ ಸರಿಪಡಿಸಿದೆ. ಏನೂ ಬದಲಾಗಲಿಲ್ಲ. ದೀಪ ಹಳತಾಗಿದೆ ಎಂದು ಹೊಳಪು ಅಳೆಯುವ ಯಂತ್ರವನ್ನು ಬೈದೆ. ಕೊನೆಗೆ ನನ್ನ ಪ್ರಯೋಗದ ಟಿಪ್ಪಣಿ ಪುಸ್ತಕವನ್ನು ಓದಿ ನೋಡಿದ ಸರ್ ಮಲಯಾಳದಲ್ಲಿ ಒಂದೇ ಪ್ರಶ್ನೆ ಕೇಳಿದರು: "ಇಲ್ಲಿ ಉಪ್ಪು ಹಾಕಿದ್ದು ಯಾರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕಣ್ಣು ಬಫರ್ ಬಾಟಲಿಯ ಕಡೆ ಹೋಯಿತು. ದ್ರಾವಣದ ಪಿಎಚ್, ಅಂದರೆ ಹುಳಿತನ, ಏರುಪೇರಾಗದಂತೆ ಕಾಯುವುದು ಈ ಬಫರ್. ನೂರು ಮಿಲಿಮೋಲಾರ್ ಸೋಡಿಯಂ ಫಾಸ್ಫೇಟ್, ಅದೂ ಒಂದು ಉಪ್ಪೇ; ಪಿಎಚ್ ಸರಿಪಡಿಸಲು ಕಾಸ್ಟಿಕ್ ಸೋಡಾ ಬೇರೆ. ಸೋಡಿಯಂ ಅಯಾನು ಬಾಗಿಲಿನ ಆಮ್ಲಜನಕಗಳಿಗೆ ತುಂಬಾ ದುರ್ಬಲವಾಗಿಯೇ ಅಂಟುತ್ತದೆ. ಆದರೆ ಉಂಗುರಕ್ಕಿಂತ ಅದು ಸಾವಿರಾರು ಪಟ್ಟು ಹೆಚ್ಚಿದ್ದರೆ ಬಾಗಿಲು ಖಾಲಿ ಸಿಗುವುದೆಲ್ಲಿ? ಬಣ್ಣ ಹೊರಗೇ ನಿಂತಿತ್ತು.

ಹತ್ತು ಮಿಲಿಮೋಲಾರ್ ಅಮೋನಿಯಂ ಅಸಿಟೇಟ್‌ಗೆ ಬದಲಾಯಿಸಿದೆ, ಪಿಎಚ್ ಆರು. ಅಮೋನಿಯಂ ಕೂಡ ಪೂರ್ತಿ ನಿರಪರಾಧಿಯಲ್ಲ, ಆದರೆ ಇಷ್ಟು ತೆಳ್ಳಗಿದ್ದರೆ ಅಡ್ಡಿ ಮಾಡುವುದಿಲ್ಲ. ಆ ಮಧ್ಯಾಹ್ನ ಪರದೆಯ ಮೇಲೆ ಗೆರೆ ಏರಿದ್ದನ್ನು ನೋಡಿ ಊಟ ಮರೆತೆ. ಆಮೇಲೆ ಕಡಾವರಿನ್ ಅನ್ನು ಐದೈದು ಮೈಕ್ರೋಲೀಟರ್ ಬಿಡುತ್ತಾ ಹೋದೆ. ಉಂಗುರದಷ್ಟೇ ಪ್ರಮಾಣ ಸೇರುವ ಹೊತ್ತಿಗೆ ಹೊಳಪು ಬಹುತೇಕ ಇಳಿದಿತ್ತು. ಅಷ್ಟೇ ಲೈಸಿನ್ ಬಿಟ್ಟರೆ ಗೆರೆ ಅಲುಗಲೂ ಇಲ್ಲ. ಲೈಸಿನ್‌ಗಿರುವ ಕಾರ್ಬಾಕ್ಸಿಲ್ ಗುಂಪಿನ ಋಣ ವಿದ್ಯುದಂಶವನ್ನು ಬಾಗಿಲಿನ ಆಮ್ಲಜನಕಗಳು ಒಲ್ಲವು. ಅದೊಂದು ಕಳಚಿ ಕಡಾವರಿನ್ ಆದರೆ ಹಿಡಿತ ಸಾವಿರಾರು ಪಟ್ಟು ಬಿಗಿಯಾಗುತ್ತದೆ. ಈ ವ್ಯತ್ಯಾಸವನ್ನೇ ಬಳಸಿ, ಹಾಗೆ ಕಳಚುವ ಕಿಣ್ವದ ಕೆಲಸವನ್ನು ಕಣ್ಣೆದುರೇ ಅಳೆಯುವ ವಿಧಾನವನ್ನು ರಸಾಯನಶಾಸ್ತ್ರಜ್ಞ ವರ್ನರ್ ನೌ ಅವರ ತಂಡ 2007ರಲ್ಲಿ ತೋರಿಸಿತ್ತು. ಹಳತಾದ ಮೀನಿನಲ್ಲಿ ಹುಟ್ಟುವ ಇನ್ನೊಂದು ಅಮೈನ್ ಆದ ಹಿಸ್ಟಮಿನ್ ಇವೆರಡರ ನಡುವೆ ಎಲ್ಲೋ: ಕಡಾವರಿನ್‌ಗಿಂತ ತುಂಬಾ ಹೆಚ್ಚು ಸುರಿಯಬೇಕಾಯಿತು.

ಧೈರ್ಯ ಬಂದ ಮೇಲೆ ಬಂಗುಡೆಗೆ ಕೈ ಹಾಕಿದೆ. ಒಂದೇ ಬುಟ್ಟಿಯಿಂದ ಎರಡು ತಂದು, ಒಂದನ್ನು ಐಸಿನಲ್ಲಿ, ಇನ್ನೊಂದನ್ನು ಒಂದು ದಿನ ಹೊರಗೆ ಇಟ್ಟೆ. (ಪ್ರಯೋಗಾಲಯದ ಸಹಪಾಠಿಗಳು ಇನ್ನೂ ಕ್ಷಮಿಸಿಲ್ಲ.) ಮಾಂಸವನ್ನು ಟ್ರೈಕ್ಲೋರೋಅಸಿಟಿಕ್ ಆಮ್ಲದಲ್ಲಿ ಅರೆದು ಸೋಸಿ, ಆಮ್ಲವನ್ನು ತಟಸ್ಥಗೊಳಿಸಲು ಹೊರಟಾಗ ಕೈ ಅಭ್ಯಾಸಬಲದಿಂದ ಕಾಸ್ಟಿಕ್ ಸೋಡಾ ಬಾಟಲಿಯ ಮೇಲೇ ಹೋಯಿತು. ಹಿಂದಕ್ಕಿಟ್ಟು ತೆಳು ಅಮೋನಿಯಾ ತೆಗೆದುಕೊಂಡೆ. ಮೀನಿನೊಳಗಿನ ಉಪ್ಪೂ ಕಾಡದಿರಲೆಂದು ನೂರು ಪಟ್ಟು ತೆಳುಗೊಳಿಸಿದೆ.

ಹಳತಾದ ಬಂಗುಡೆಯ ರಸ ಹೊಳಪನ್ನು ಸ್ಪಷ್ಟವಾಗಿ ಹೆಚ್ಚು ಇಳಿಸಿತು. ಆದರೆ ಬಂಗುಡೆ ತಿಂದು ಮೈ ಕೆಂಪಾಗಿ ತುರಿಸುವುದಕ್ಕೆ ಕಾರಣ ಹಿಸ್ಟಮಿನ್, ಮತ್ತು ನನ್ನ ಉಂಗುರ ಮೊದಲು ಹಿಡಿಯುವುದು ಕಡಾವರಿನ್ ಅನ್ನು. ಬಾಗಿಲಲ್ಲಿ ಅದು ನಿಂತಿದ್ದರೆ ಹಿಂದಿರುವ ಹಿಸ್ಟಮಿನ್ ಎಷ್ಟೆಂದು ಹೇಳಲು ಬಾರದು. ಇದನ್ನು ಮನೆಯಲ್ಲಿ ವಿವರಿಸಿದೆ. ಹಿಸ್ಟಮಿನ್ ಹೆಚ್ಚಿದ ಮೀನು ಮೂಗಿಗೆ ಗೊತ್ತಾಗದೇ ಇರಬಹುದು, ಹುಳಿ ಹಾಕಿ ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ ಎಂದೂ ಹೇಳಿದೆ. ಅಮ್ಮ ಕೇಳಿದಳು: "ಹಾಗಾದರೆ ನಿನ್ನ ಕುಂಬಳಕಾಯಿ ಏನು ಹೇಳಿತು?"

"ಹಳತಾಗಿದೆ ಎಂದಿತಮ್ಮ."

"ಅದನ್ನು ಮೀನಿನ ಕಣ್ಣು ನೋಡಿದರೆ ನಾನೇ ಹೇಳುತ್ತಿದ್ದೆ."

ಈಗ ರಸವನ್ನು ಮೊದಲು ಕಾಲಂನಲ್ಲಿ, ಅಂದರೆ ಅಣುಗಳನ್ನು ಬೇರ್ಪಡಿಸುವ ಕೊಳವೆಯಲ್ಲಿ, ಹಾಯಿಸಿ, ಅಮೈನುಗಳನ್ನು ಬೇರೆಬೇರೆಯಾಗಿ ಇಳಿಸಿಕೊಂಡು, ಆಮೇಲೆ ಒಂದೊಂದನ್ನೇ ಉಂಗುರದ ಮುಂದೆ ತರುತ್ತಿದ್ದೇನೆ. ಕಾಲಂನಿಂದ ಇಳಿಸಲು ಬಳಸುವುದೂ ಅಮೋನಿಯಂ ಅಸಿಟೇಟನ್ನೇ.