ಹುಟ್ಟುಹಬ್ಬದ ದಿನ ಬೆಳಗ್ಗೆ ನೆನಪಿಸಿದರೆ ಏನು ಬಂತು?

ಬೆಳಗ್ಗೆ 9ಕ್ಕೆ ಫೋನ್ ಟಿಂಗ್ ಎನ್ನುತ್ತದೆ: ‘ಇಂದು ಅತ್ತಿಗೆಯ ಹುಟ್ಟುಹಬ್ಬ’. ನೀವಾಗ ದಾರಿಯಲ್ಲೋ ಮೀಟಿಂಗಿನಲ್ಲೋ ಇರುತ್ತೀರಿ. ಆಮೇಲೆ ಮಾತಾಡಿದರಾಯಿತು ಎಂದು ಬೆರಳಲ್ಲಿ ಅದನ್ನು ಆಚೆ ಸರಿಸುತ್ತೀರಿ. ಮತ್ತೆ ನೆನಪಾಗುವುದು ರಾತ್ರಿ ಹಾಸಿಗೆ ಮೇಲೆ, ಫೋನ್ ಮಾಡುವ ಹೊತ್ತು ಮೀರಿದ ಮೇಲೆ. ಇದರಲ್ಲಿ ಕ್ಯಾಲೆಂಡರಿನ ತಪ್ಪೇನಿಲ್ಲ. ಅದಕ್ಕೆ ಹೇಳಿಕೊಡಬೇಕಾದ್ದನ್ನು ನಾವು ಪೂರ್ತಿ ಹೇಳಿಕೊಟ್ಟಿಲ್ಲ, ಅಷ್ಟೆ. ಅರ್ಧ ಗಂಟೆ ಕೂತರೆ ಸರಿಮಾಡಬಹುದು.

ಮೊದಲು, ದಿನಾಂಕ ಎಲ್ಲಿ ಬರೆಯಬೇಕು?

ಕ್ಯಾಲೆಂಡರಿನಲ್ಲಲ್ಲ, ಕಾಂಟ್ಯಾಕ್ಟ್ಸ್‌ನಲ್ಲಿ. ಹೆಸರು, ನಂಬರ್ ಹೇಗೂ ಅಲ್ಲಿವೆ. ಹೆಸರು ತೆರೆದು ಎಡಿಟ್ ಒತ್ತಿ, ಬರ್ತ್‌ಡೇ ಎಂಬ ಜಾಗ ತುಂಬಿ. ಕೆಲವು ಫೋನ್‌ಗಳಲ್ಲಿ ಈ ಜಾಗ ಕಾಣಲು ಇನ್ನಷ್ಟು ಆಯ್ಕೆಗಳನ್ನು ತೆರೆಯಬೇಕಾಗುತ್ತದೆ. ಆಮೇಲೆ ಕ್ಯಾಲೆಂಡರ್ ಆ್ಯಪ್‌ನ ಪಟ್ಟಿಯಲ್ಲಿ ‘ಬರ್ತ್‌ಡೇಸ್’ ಎಂಬುದಕ್ಕೆ ಟಿಕ್ ಇದೆಯೇ ನೋಡಿ. ಗೂಗಲ್ ಕ್ಯಾಲೆಂಡರ್ ಆಗಲಿ ಐಫೋನಿನ ಕ್ಯಾಲೆಂಡರ್ ಆಗಲಿ, ಕಾಂಟ್ಯಾಕ್ಟ್ಸ್‌ನಲ್ಲಿರುವ ದಿನಾಂಕವನ್ನು ತಾನೇ ಎತ್ತಿಕೊಂಡು ಪ್ರತಿ ವರ್ಷ ತೋರಿಸುತ್ತದೆ. ಅದನ್ನೇ ಮತ್ತೊಮ್ಮೆ ಕೈಯಾರೆ ಕ್ಯಾಲೆಂಡರಿಗೂ ಸೇರಿಸಿದರೆ ಒಬ್ಬರ ಹುಟ್ಟುಹಬ್ಬಕ್ಕೆ ಫೋನ್ ಎರಡು ಸಲ ಬಡಿದುಕೊಳ್ಳುತ್ತದೆ.

ಇಸವಿ ಗೊತ್ತಿಲ್ಲದಿದ್ದರೆ ಖಾಲಿ ಬಿಡಿ, ಅಂದಾಜು ತುಂಬಬೇಡಿ. ಇಲ್ಲೊಂದು ತಮಾಷೆ ಇದೆ. ಇಸವಿ ಇಲ್ಲದ ಹುಟ್ಟುಹಬ್ಬವನ್ನು ಐಫೋನ್ ತನ್ನೊಳಗೆ 1604ನೇ ಇಸವಿಯದ್ದೆಂದು ಬರೆದಿಟ್ಟು, ‘ಇಸವಿ ತೋರಿಸಬೇಡ’ ಎಂಬ ಗುರುತನ್ನೂ ಜೊತೆಗೆ ಇಡುತ್ತದೆ. 1604 ಅಧಿಕ ವರ್ಷವಾದ್ದರಿಂದ ಫೆಬ್ರವರಿ 29 ಕೂಡ ಅದರಲ್ಲಿ ಕೂರುತ್ತದೆ. ಆದರೆ ಆ ಕಾಂಟ್ಯಾಕ್ಟ್‌ಗಳನ್ನು ಈ ಗುರುತಿನ ಅರ್ಥ ತಿಳಿಯದ ಬೇರೊಂದು ಸಾಫ್ಟ್‌ವೇರ್‌ಗೆ ಸಾಗಿಸಿದರೆ, ನಿಮ್ಮ ಸಹೋದ್ಯೋಗಿಗೆ ದಿಢೀರನೆ 400 ದಾಟಿರುತ್ತದೆ. ಎಲ್ಲಾದರೂ 1604 ಕಂಡರೆ ಗಾಬರಿಯಾಗದೆ ಇಸವಿಯನ್ನು ಅಳಿಸಿ.

ಕಾಂಟ್ಯಾಕ್ಟ್ಸ್‌ನಲ್ಲಿ ಇಲ್ಲದವರಿಗೆ

ಗೆಳೆಯರ ಮಕ್ಕಳಿಗೆ ಫೋನ್ ನಂಬರ್ ಎಲ್ಲಿಂದ ಬರಬೇಕು? ಅಂಥವರಿಗೆ ಕ್ಯಾಲೆಂಡರಿನಲ್ಲೇ ಹೊಸ ಈವೆಂಟ್ ಮಾಡಿ. ‘ಆಲ್ ಡೇ’ ಆನ್ ಮಾಡಿ, ರಿಪೀಟ್‌ನಲ್ಲಿ ‘ಪ್ರತಿ ವರ್ಷ’ ಆರಿಸಿ, ಸೇವ್ ಒತ್ತಿ.

ಶೀರ್ಷಿಕೆ ಬರೆಯುವಾಗ ಮಾತ್ರ ತುಸು ಎಚ್ಚರ. ನಾನೊಮ್ಮೆ ‘ಮಾವನ 60ನೇ ಹುಟ್ಟುಹಬ್ಬ’ ಎಂದು ಬರೆದು ಪ್ರತಿ ವರ್ಷ ರಿಪೀಟ್ ಆಗಲಿ ಎಂದು ಬಿಟ್ಟೆ. ಮರುವರ್ಷವೂ ಮಾವನಿಗೆ 60, ಅದರ ಮರುವರ್ಷವೂ 60. ಮಾವನಿಗೇನೂ ಬೇಸರವಾಗಲಿಲ್ಲ ಅನ್ನಿ. ಈಗ ‘ಮಾವ, 1961’ ಎಂದು ಹುಟ್ಟಿದ ಇಸವಿಯನ್ನೇ ಬರೆಯುತ್ತೇನೆ. ವಯಸ್ಸನ್ನು ಆ ದಿನ ಬಾಯಲ್ಲೇ ಲೆಕ್ಕ ಹಾಕಿದರಾಯಿತು.

‘ಆಲ್ ಡೇ’ ಬೇಕೇಬೇಕು. ಮಧ್ಯರಾತ್ರಿ 12ರಿಂದ 12:30 ಎಂದು ಸಮಯ ಕೊಟ್ಟು ಹುಟ್ಟುಹಬ್ಬ ಬರೆದಿಟ್ಟವರು ಪಶ್ಚಿಮದ ಯಾವುದಾದರೂ ದೇಶಕ್ಕೆ ಹೋಗಿಳಿದರೆ, ಫೋನ್ ಅಲ್ಲಿನ ಸಮಯಕ್ಕೆ ಹೊಂದಿಕೊಂಡು ಆ ಈವೆಂಟನ್ನು ಹಿಂದಿನ ದಿನಕ್ಕೆ ಎಳೆದುಬಿಡುತ್ತದೆ. ಆಲ್ ಡೇ ಎಂದಿದ್ದರೆ ಎಲ್ಲಿಗೆ ಹೋದರೂ ತಾರೀಖು ಅದೇ.

ಫೆಬ್ರವರಿ 29ರಂದು ಹುಟ್ಟಿದವರದ್ದು ಬೇರೆಯದೇ ಪಾಡು. ಒಂದು ಕ್ಯಾಲೆಂಡರಿನಿಂದ ಇನ್ನೊಂದಕ್ಕೆ ಈವೆಂಟ್ ಸಾಗಿಸಲು ‘ಐಕ್ಯಾಲೆಂಡರ್’ ಎಂಬ ಮಾನದಂಡವಿದೆ, 2009ರಲ್ಲಿ ಪರಿಷ್ಕೃತವಾದದ್ದು. ರಿಪೀಟ್ ಆಗುವಾಗ ಇಲ್ಲದ ತಾರೀಖು ಎದುರಾದರೆ ಅದನ್ನು ಬಿಟ್ಟು ಮುಂದೆ ಹೋಗಬೇಕು ಎನ್ನುವುದು ಅದರ ನಿಯಮ. ಅದನ್ನು ಪಾಲಿಸುವ ಕ್ಯಾಲೆಂಡರಿನಲ್ಲಿ ಈವೆಂಟ್ ಮತ್ತೆ ತಲೆ ಎತ್ತುವುದು 2028ಕ್ಕೇ. ಫೆಬ್ರವರಿ 28 ಇಷ್ಟವೋ ಮಾರ್ಚ್ 1 ಇಷ್ಟವೋ ಅವರನ್ನೇ ಕೇಳಿ ಆ ತಾರೀಖಿಗೆ ಹಾಕಿಬಿಡಿ. ಅವರಿಗೆ ಈ ಪ್ರಶ್ನೆ ಹೊಸದೇನಲ್ಲ.

ಮುಂಚೆಯೇ ಎಚ್ಚರಿಸಲಿ

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು, ಹೆಚ್ಚಿನವರು ಮಾಡದೆ ಬಿಡುವುದೂ ಇದನ್ನೇ. ಐಫೋನಿನ ಕ್ಯಾಲೆಂಡರ್ ಸೆಟ್ಟಿಂಗ್ಸ್‌ನಲ್ಲಿ ‘ಡೀಫಾಲ್ಟ್ ಅಲರ್ಟ್ ಟೈಮ್ಸ್’ ತೆರೆದು ಬರ್ತ್‌ಡೇಸ್ ಒತ್ತಿ. ಅದೇ ದಿನ, 1 ದಿನ ಮೊದಲು, 2 ದಿನ ಮೊದಲು, 1 ವಾರ ಮೊದಲು ಎಂಬ ಆಯ್ಕೆಗಳಿರುತ್ತವೆ. ಗೂಗಲ್ ಕ್ಯಾಲೆಂಡರಿನಲ್ಲಿ ನೀವೇ ಮಾಡಿದ ಈವೆಂಟ್‌ಗೆ 5 ನೋಟಿಫಿಕೇಶನ್‌ವರೆಗೆ ಸೇರಿಸಬಹುದು, 4 ವಾರ ಮೊದಲಿನದ್ದನ್ನೂ ಇಡಬಹುದು. ಆಲ್ ಡೇ ಈವೆಂಟ್ ಆದರೆ ಎಷ್ಟು ಗಂಟೆಗೆ ಬರಬೇಕೆಂದೂ ಹೇಳಬಹುದು.

ಐದೂ ಬೇಡ, ಎರಡು ಸಾಕು. ಒಂದು, ವಾರ ಮೊದಲು ಸಂಜೆ ಹೊತ್ತಿಗೆ. ಇನ್ನೊಂದು ಅದೇ ದಿನ, ನೀವು ನಿಜವಾಗಿಯೂ ಬಿಡುವಾಗಿರುವ ಸಮಯಕ್ಕೆ. ನನಗೆ ಮಧ್ಯಾಹ್ನ 1:15, ಊಟ ಮುಗಿದು ಕೈ ತೊಳೆದ ಮೇಲೆ. ಆ ಹೊತ್ತಿನಲ್ಲಿ ಬಂದ ನೋಟಿಫಿಕೇಶನ್ನನ್ನು ಸರಿಸಿಬಿಡಲು ನನ್ನ ಹತ್ತಿರ ನೆಪ ಇರುವುದಿಲ್ಲ.

ತೀರಾ ಹತ್ತಿರದವರಿಗೆ ಇನ್ನೊಂದು ಈವೆಂಟ್ ಇರಲಿ, 10 ದಿನ ಮೊದಲಿನ ತಾರೀಖಿಗೆ. ಅದರಲ್ಲಿ ಬರೀ ಹೆಸರು ಬರೆಯದೆ ಕೆಲಸ ಬರೆಯಿರಿ: ‘ಅಕ್ಕನಿಗೆ ಉಡುಗೊರೆ ತರು’. ಇದಕ್ಕೂ ಪ್ರತಿ ವರ್ಷ ರಿಪೀಟ್ ಕೊಡಿ.

ಇನ್ನೆಷ್ಟು ದಿನ?

ಮದುವೆ, ಪರೀಕ್ಷೆ, ಪ್ರವಾಸ: ಇಂಥವಕ್ಕೆ ಕೌಂಟ್‌ಡೌನ್ ಬೇಕೆನಿಸುತ್ತದೆ. ಕ್ಯಾಲೆಂಡರಿಗೆ ತಾರೀಖು ಗೊತ್ತು, ಆದರೆ ಇನ್ನೆಷ್ಟು ದಿನ ಉಳಿಯಿತೆಂದು ಅದು ಸಾಮಾನ್ಯವಾಗಿ ತಾನಾಗಿ ಎಣಿಸಿ ಹೇಳುವುದಿಲ್ಲ. ಸ್ಯಾಮ್‌ಸಂಗ್ ಫೋನಿನ ಕ್ಯಾಲೆಂಡರಿನಲ್ಲಿ ಇದಕ್ಕೆಂದೇ ಕೌಂಟ್‌ಡೌನ್ ವಿಜೆಟ್ ಇದೆ. ಉಳಿದವರು ಇದಕ್ಕೆಂದೇ ಇರುವ ಬೇರೆ ಆ್ಯಪ್ ಹಾಕಿಕೊಳ್ಳಬಹುದು.

ಆ್ಯಪ್ ಬೇಡವೆಂದರೆ ಮೈಲಿಗಲ್ಲು ನೆಡಿ. 2027ರ ಮೇ 10ಕ್ಕೆ ಪರೀಕ್ಷೆ ಎಂದಿಟ್ಟುಕೊಳ್ಳಿ. ಜನವರಿ 30ಕ್ಕೆ ‘ಇನ್ನು 100 ದಿನ’, ಏಪ್ರಿಲ್ 10ಕ್ಕೆ ‘ಇನ್ನು 30’, ಏಪ್ರಿಲ್ 30ಕ್ಕೆ ‘ಇನ್ನು 10’ ಎಂದು ಮೂರು ಈವೆಂಟ್ ಹಾಕಿ. ನನಗೆ ಇದೇ ಹೆಚ್ಚು ಹಿಡಿಸುತ್ತದೆ. 283, 282, 281 ಎಂದು ದಿನಾ ಕಾಣುವ ಅಂಕಿ ಒಂದು ವಾರದಲ್ಲಿ ಗೋಡೆಯ ಬಣ್ಣದಂತಾಗಿ ಕಣ್ಣಿಗೆ ಬೀಳುವುದೇ ನಿಲ್ಲುತ್ತದೆ.

ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಬಳಸುವವರು ಮುಂದಿನ ತಾರೀಖಿನಿಂದ ಇವತ್ತಿನ ತಾರೀಖನ್ನು ಕಳೆಯುವ ಸೂತ್ರ ಬರೆದರೆ ಸಾಕು. ಉತ್ತರದ ಜಾಗದಲ್ಲಿ 1900ರ ಆಸುಪಾಸಿನ ಯಾವುದೋ ತಾರೀಖು ಕಂಡರೆ ಲೆಕ್ಕ ತಪ್ಪಿಲ್ಲ. ಸೆಲ್‌ನ ಫಾರ್ಮ್ಯಾಟನ್ನು ‘ನಂಬರ್’ ಎಂದು ಬದಲಿಸಿ. ಹೀಗೆ ಬರುವ ಸಂಖ್ಯೆ ನಡುವೆ ಕಳೆಯಬೇಕಾದ ರಾತ್ರಿಗಳದ್ದು. ಮಕ್ಕಳು ‘ಇವತ್ತನ್ನೂ ಸೇರಿಸಿಯಾ?’ ಎಂದು ಜಗಳ ತೆಗೆದಾಗ ‘ಇಷ್ಟು ಸಲ ಮಲಗಿ ಎದ್ದರೆ ಆಯಿತು’ ಎಂದುಬಿಡಿ.

ಹಂಚಿಕೊಳ್ಳುವಾಗ, ಅಳಿಸುವಾಗ

ಹುಟ್ಟುಹಬ್ಬಗಳಿಗೆಂದೇ ಬೇರೆ ಕ್ಯಾಲೆಂಡರ್ ಮಾಡಿ ಮನೆಯವರೊಂದಿಗೆ ಹಂಚಿಕೊಂಡರೆ ಮರೆತವರಿಗೆ ಮರೆಯದವರ ಆಸರೆ. ಆದರೆ ಹೊರಗಿನವರೂ ನೋಡಬಹುದಾದ ಕ್ಯಾಲೆಂಡರಿನಲ್ಲಿ ಇಸವಿ ಹಾಕಬೇಡಿ. ಫೋನಿನಲ್ಲಿ ಗ್ರಾಹಕರ ಗುರುತು ಖಚಿತಪಡಿಸಿಕೊಳ್ಳಲು ಪೂರ್ತಿ ಜನ್ಮದಿನಾಂಕ ಕೇಳುವವರು ಇನ್ನೂ ಇದ್ದಾರೆ.

ಕೊನೆಯದಾಗಿ ಡಿಲೀಟ್ ಬಟನ್. ರಿಪೀಟ್ ಆಗುವ ಈವೆಂಟ್ ಅಳಿಸಲು ಹೋದರೆ ಇದೊಂದನ್ನೇ, ಇದನ್ನು ಮತ್ತು ಮುಂದಿನವನ್ನು, ಅಥವಾ ಎಲ್ಲವನ್ನೂ ಅಳಿಸಬೇಕೇ ಎಂಬಂಥ ಪ್ರಶ್ನೆ ಬರುತ್ತದೆ. ತೀರಿಕೊಂಡವರ ಹುಟ್ಟುಹಬ್ಬ ಪ್ರತಿ ವರ್ಷ ಟಿಂಗ್ ಎನ್ನುವುದು ಬೇಡವೆನಿಸಿದರೆ ಎರಡನೆಯದನ್ನು ಒತ್ತಿ, ಹಿಂದಿನ ವರ್ಷಗಳದ್ದು ಹಾಗೇ ಉಳಿಯುತ್ತದೆ. ಕಾಂಟ್ಯಾಕ್ಟ್ಸ್‌ನಿಂದ ಬಂದದ್ದಾದರೆ ಅಲ್ಲಿಯೇ ಹೋಗಿ ದಿನಾಂಕ ತೆಗೆಯಬೇಕು. ನನ್ನ ಕ್ಯಾಲೆಂಡರಿನಲ್ಲೂ ಅಂಥದ್ದೊಂದು ಹೆಸರಿದೆ. ನೋಟಿಫಿಕೇಶನ್ ತೆಗೆದಿದ್ದೇನೆ, ಈವೆಂಟ್ ಅಳಿಸಿಲ್ಲ.