ಕಾವಿಗೂ ಜಗ್ಗದ, ದ್ರಾವಕದಲ್ಲೂ ಕರಗುವ ಪಾಲಿಇಮೈಡ್: ಕೊಪಾಲಿಮರ್ ತಯಾರಿಸುವ ಬಗೆ

ಪಾಲಿಇಮೈಡ್ ಎಂದರೆ ಸರಪಳಿಯಲ್ಲಿ ಇಮೈಡ್ ಎಂಬ ಉಂಗುರಗಳಿರುವ, ಕಾವು ತಡೆಯುವ ಪ್ಲಾಸ್ಟಿಕ್. ಕ್ಯಾಪ್ಟಾನ್ ಫಿಲ್ಮ್‌ನಂಥ ಪಾಲಿಇಮೈಡ್‌ನ ತೊಡಕು ಒಂದೇ: ಒಮ್ಮೆ ಇಮೈಡ್ ಉಂಗುರ ಕಟ್ಟಿದ ಮೇಲೆ ಅದು ಮಾಮೂಲಿ ದ್ರಾವಕಗಳಲ್ಲಿ ಕರಗುವುದಿಲ್ಲ. ಸರಪಳಿಗಳು ಒತ್ತೊತ್ತಾಗಿ ಕೂತಿರುವುದರಿಂದ ದ್ರಾವಕ ನುಗ್ಗಲು ಜಾಗವೇ ಇರದು. ಬಾಗುವ ಅಲಿಫ್ಯಾಟಿಕ್ (ಬೆಂಜೀನ್ ಉಂಗುರವಿಲ್ಲದ ಇಂಗಾಲದ) ತುಂಡು ಸೇರಿಸಿದರೆ ಕರಗೀತು, ಆದರೆ ಕಾವು ತಡೆಯುವ ಶಕ್ತಿ ಕುಸಿಯುತ್ತದೆ. ಪಾಲಿಇಮೈಡ್ ಕಟ್ಟುವುದು ಡೈಆನ್‌ಹೈಡ್ರೈಡ್ (ಎರಡು ಆನ್‌ಹೈಡ್ರೈಡ್ ಗುಂಪುಗಳ ಅಣು) ಮತ್ತು ಡೈಅಮೀನ್ (ಎರಡು ಅಮೀನ್ ಗುಂಪುಗಳ ಅಣು) ಸೇರಿಸಿ. ಎರಡೂ ಗುಣ ಬೇಕಿದ್ದರೆ ಎರಡು ಬಗೆಯ ಡೈಆನ್‌ಹೈಡ್ರೈಡ್ ಬೆರೆಸಿ ಕೊಪಾಲಿಮರ್ (ಮಿಶ್ರ ಸರಪಳಿ) ಮಾಡಿ. ಬಿಪಿಡಿಎ (ಬೈಫೆನಿಲ್ ಡೈಆನ್‌ಹೈಡ್ರೈಡ್) ಬಿಗಿತ ಕೊಡುತ್ತದೆ. 6ಎಫ್‌ಡಿಎ (ಆರು ಫ್ಲೂರೀನ್‌ಗಳ ಡೈಆನ್‌ಹೈಡ್ರೈಡ್) ಅಣುವಿನ ನಡುವಿರುವ ಎರಡು ಟ್ರೈಫ್ಲೂರೋಮೀಥೈಲ್ ಗುಂಪುಗಳು ಸರಪಳಿಯನ್ನು ಸೊಟ್ಟ ಮಾಡಿ ಜಾಗ ಬಿಡಿಸುತ್ತವೆ. ಡೈಅಮೀನ್ ಆಗಿ ಟಿಎಫ್‌ಎಂಬಿ (ಟ್ರೈಫ್ಲೂರೋಮೀಥೈಲ್ ಗುಂಪುಗಳಿರುವ ಬೆಂಜಿಡೀನ್).

10 ಮಿಲಿಮೋಲ್ ಬ್ಯಾಚ್‌ಗೆ ಟಿಎಫ್‌ಎಂಬಿ 3.202 ಗ್ರಾಂ, ಬಿಪಿಡಿಎ 1.471 ಗ್ರಾಂ, 6ಎಫ್‌ಡಿಎ 2.221 ಗ್ರಾಂ, ದ್ರಾವಕವಾಗಿ ಎನ್‌ಎಂಪಿ (ಎನ್-ಮೀಥೈಲ್ ಪಿರೊಲಿಡೋನ್) 38 ಮಿ.ಲೀ. ಘನಾಂಶ ಸುಮಾರು 15%.

ಸೋಲುವವರು ಹೆಚ್ಚಾಗಿ ಸೋಲುವುದು ಇಲ್ಲಿ, ತೇವ ಮತ್ತು ತೂಕದಲ್ಲಿ. ಎನ್‌ಎಂಪಿಯಲ್ಲಿ 500 ಪಿಪಿಎಂ (ಹತ್ತು ಲಕ್ಷಕ್ಕೆ 500 ಪಾಲು) ನೀರಿದ್ದರೆ ಈ ಬ್ಯಾಚ್‌ನಲ್ಲಿ ಅದು ಸುಮಾರು 1 ಮಿಲಿಮೋಲ್. ನಿಮ್ಮಲ್ಲಿರುವ ಆನ್‌ಹೈಡ್ರೈಡ್ ಗುಂಪುಗಳೇ 20 ಮಿಲಿಮೋಲ್; ನೀರು ಅವುಗಳ ಉಂಗುರ ತೆರೆದು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಹಾಗಾಗಿ ದ್ರಾವಕವನ್ನು 4 ಆಂಗ್‌ಸ್ಟ್ರಾಮ್ ಮಾಲಿಕ್ಯುಲರ್ ಸೀವ್ (ನೀರು ಹೀರುವ ಸೂಕ್ಷ್ಮ ರಂಧ್ರಗಳ ಕಾಳು) ಮೇಲೆ ಒಣಗಿಸಿ. ಡೈಆನ್‌ಹೈಡ್ರೈಡ್‌ಗಳನ್ನು 150–160 ಡಿಗ್ರಿ ಸೆಲ್ಸಿಯಸ್ ನಿರ್ವಾತ ಓವನ್‌ನಲ್ಲಿ ರಾತ್ರಿಯಿಡೀ ಇಡಿ. ತೇವಕ್ಕೆ ತೆರೆದುಕೊಂಡ ಉಂಗುರ ಮತ್ತೆ ಮುಚ್ಚಿಕೊಳ್ಳುತ್ತದೆ. ಇನ್ನು ತೂಕ: 44 ಮಿ.ಗ್ರಾಂ 6ಎಫ್‌ಡಿಎ ಕಾಗದದಲ್ಲೇ ಉಳಿದರೆ ಅನುಪಾತ 1% ತಪ್ಪಿ, ಪ್ರತಿಕ್ರಿಯೆ ಪೂರ್ತಿ ನಡೆದರೂ ಸರಪಳಿ ಸರಾಸರಿ 200 ಮೊನೊಮರ್ ಘಟಕಗಳ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಎನ್‌ಎಂಪಿಯಲ್ಲಿ 3 ಮಿ.ಲೀ. ಎತ್ತಿಟ್ಟುಕೊಂಡು, ಫನೆಲ್‌ಗೆ ಮೆತ್ತಿದ ಪುಡಿಯನ್ನು ಅದರಿಂದಲೇ ತೊಳೆದು ಫ್ಲಾಸ್ಕ್‌ಗೆ ಇಳಿಸಿ.

ನೈಟ್ರೋಜನ್ ಅಡಿಯಲ್ಲಿ ಟಿಎಫ್‌ಎಂಬಿ ಕರಗಿಸಿ. ಮೊದಲು ಬಿಪಿಡಿಎ ಹಾಕಿ, ಅದು ಪೂರ್ತಿ ಕರಗಿದ ಮೇಲೆ 6ಎಫ್‌ಡಿಎಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಟಿಎಫ್‌ಎಂಬಿಯ ಅಮೀನ್ ನಿಧಾನಿ, ಆದ್ದರಿಂದ ಕೋಣೆಯ ಉಷ್ಣತೆಯಲ್ಲಿ 24 ಗಂಟೆ ಬೇಕೇ ಬೇಕು. ಆಗ ಸಿಗುವುದು ಪಾಲಿಅಮಿಕ್ ಆಮ್ಲ, ಅಂದರೆ ಇಮೈಡ್ ಉಂಗುರ ಇನ್ನೂ ಮುಚ್ಚದ ಸರಪಳಿ; ದ್ರಾವಣ ಜೇನಿನಷ್ಟು ದಪ್ಪವಾಗುತ್ತದೆ. ಮ್ಯಾಗ್ನೆಟ್ ತುಂಡು ಸಿಕ್ಕಿಹಾಕಿಕೊಳ್ಳುವುದರಿಂದ ಮೆಕ್ಯಾನಿಕಲ್ ಸ್ಟರರ್ ಬಳಸುವುದೇ ಸರಿ. ಮರುದಿನವೂ ನೀರಿನ ಹಾಗೆ ತೆಳ್ಳಗಿದ್ದರೆ ಮುಂದುವರಿಯಬೇಡಿ. ಅದರಿಂದ ಬರುವ ಫಿಲ್ಮ್ ಮಡಚಿದ ಕೂಡಲೇ ಮುರಿಯುತ್ತದೆ.

ಈಗ ನೀರು ಕಳೆದು ಇಮೈಡ್ ಉಂಗುರ ಮುಚ್ಚಿಸಲು ಪಿರಿಡೀನ್ 3.2 ಮಿ.ಲೀ., ಅಸೆಟಿಕ್ ಆನ್‌ಹೈಡ್ರೈಡ್ 3.8 ಮಿ.ಲೀ. ತೊಟ್ಟುತೊಟ್ಟಾಗಿ ಬಿಡಿ. ರಾತ್ರಿ ಕಲಕಿ, ಬಳಿಕ 60 ಡಿಗ್ರಿಯಲ್ಲಿ 2–3 ಗಂಟೆ. ಎನ್‌ಎಂಪಿ ಗರ್ಭಸ್ಥ ಶಿಶುವಿಗೆ ಹಾನಿಕಾರಿ, ಪಿರಿಡೀನ್ ಆವಿಯೂ ಕೆಟ್ಟದ್ದು. ಎಲ್ಲವೂ ಫ್ಯೂಮ್ ಹುಡ್ ಒಳಗೇ, ಕೈಗವಸು ಹಾಕಿಕೊಂಡೇ ನಡೆಯಲಿ. ಈ ಹಂತದಲ್ಲಿ ದ್ರಾವಣ ಜೆಲ್ ಕಟ್ಟಿದರೆ ಒಂದೋ ಘನಾಂಶ ಹೆಚ್ಚು, ಇಲ್ಲವೇ ಬಿಪಿಡಿಎ ಪಾಲು ಹೆಚ್ಚು. ಮೊದಲು 10%ಗೆ ತೆಳುವಾಗಿಸಿ ನೋಡಿ, ಅದಕ್ಕೂ ಜಗ್ಗದಿದ್ದರೆ ಮುಂದಿನ ಬ್ಯಾಚ್‌ನಲ್ಲಿ ಡೈಆನ್‌ಹೈಡ್ರೈಡ್‌ಗಳಲ್ಲಿ 6ಎಫ್‌ಡಿಎ ಪಾಲನ್ನು ಈಗಿನ 50%ರಿಂದ 60%ಗೆ ಏರಿಸಿ. 6ಎಫ್‌ಡಿಎ ದುಬಾರಿ, ಹಾಗಾಗಿ ಒಮ್ಮೆಲೇ 80%ಗೆ ಹಾರುವುದು ಬೇಡ.

ಪಾಲಿಮರ್ ಬೇರ್ಪಡಿಸಲು, ಜೋರಾಗಿ ಕಲಕುತ್ತಿರುವ 400 ಮಿ.ಲೀ. ಮೆಥನಾಲ್‌ಗೆ ದ್ರಾವಣವನ್ನು ಸಣ್ಣ ಧಾರೆಯಾಗಿ ಸುರಿಯಿರಿ. ಧಾರೆ ದಪ್ಪವಾದರೆ ಉಂಡೆಯಾಗಿ, ದ್ರಾವಕ ಒಳಗೇ ಉಳಿಯುತ್ತದೆ. ಸೋಸಿ, ಬಿಸಿ ಮೆಥನಾಲ್‌ನಲ್ಲಿ ತೊಳೆದು, ನಿರ್ವಾತದಲ್ಲಿ 100, ಆಮೇಲೆ 150 ಡಿಗ್ರಿಯಲ್ಲಿ ಒಣಗಿಸಿ.

ಎಫ್‌ಟಿಐಆರ್‌ನಲ್ಲಿ (ಅವಕೆಂಪು ರೋಹಿತ ಪರೀಕ್ಷೆ) 1780, 1720, 1370 ಸೆಂ.ಮೀ.⁻¹ ಸುತ್ತ ಇಮೈಡ್ ಪಟ್ಟಿಗಳು ಕಾಣಬೇಕು, 1650ರ ಬಳಿಯ, ಪಾಲಿಅಮಿಕ್ ಆಮ್ಲದ ಅಮೈಡ್ ಪಟ್ಟಿ ಮಾಯವಾಗಿರಬೇಕು. ಟಿಜಿಎಯಲ್ಲಿ (ಕಾಯಿಸುತ್ತ ತೂಕ ಅಳೆಯುವ ಪರೀಕ್ಷೆ) 200 ಡಿಗ್ರಿ ಆಸುಪಾಸಿನಲ್ಲೇ ತೂಕ ಇಳಿದರೆ ಪಾಲಿಮರ್ ಒಡೆಯಿತೆಂದು ಗಾಬರಿಯಾಗಬೇಡಿ. ಅದು ಹೆಚ್ಚಾಗಿ ಉಳಿದಿರುವ ಎನ್‌ಎಂಪಿ. ನಿರ್ವಾತದಲ್ಲಿ 200 ಡಿಗ್ರಿಯಲ್ಲಿ ಇನ್ನೊಮ್ಮೆ ಒಣಗಿಸಿ ಮತ್ತೆ ಅಳೆಯಿರಿ.