ಮಂಡಕ್ಕಿ ಗರಿಗರಿಯಾಗಿದ್ದಾಗಲೇ ಡಬ್ಬ ಮುಚ್ಚಿ: ಸಂಗ್ರಹದ ಪೆಟ್ಟಿಗೆಗಳನ್ನು ಕಾಪಾಡುವುದು ಹೀಗೆ

ಹಳೆಯ ಬೆಂಕಿಪೊಟ್ಟಣ, ಆಟಿಕೆ ಕಾರಿನ ಪೆಟ್ಟಿಗೆ, ವಾಚಿನ ರಟ್ಟಿನ ಡಬ್ಬಿ ಕೂಡಿಡುವವರಿಗೆ ಮೊದಲೇ ಒಂದು ಮಾತು. ಮಳೆಗಾಲದಲ್ಲಿ ಯಾವುದನ್ನೂ ಪ್ಯಾಕ್ ಮಾಡಬೇಡಿ. ಒಂದು ಜುಲೈನಲ್ಲಿ ಮನೆ ಬದಲಿಸುವ ಅವಸರದಲ್ಲಿ ನನ್ನ ಪೆಟ್ಟಿಗೆಗಳನ್ನೆಲ್ಲ ಪ್ಲಾಸ್ಟಿಕ್ ಕವರಿಗೆ ತುಂಬಿ, ಗಾಳಿ ಹೋಗದಂತೆ ಟೇಪ್ ಸುತ್ತಿ ಅಟ್ಟಕ್ಕೆ ಹಾಕಿದ್ದೆ. ದೀಪಾವಳಿಗೆ ತೆಗೆದರೆ ಒಳಗೆಲ್ಲ ಬಿಳಿ ಬೂಸ್ಟು, ಮುಗ್ಗಲು ವಾಸನೆ. ಕವರ್ ಎಲ್ಲೂ ಹರಿದಿರಲಿಲ್ಲ. ಪ್ಯಾಕ್ ಮಾಡಿದ ದಿನದ ತೇವವೇ ಒಳಗೆ ಸಿಕ್ಕಿಕೊಂಡಿತ್ತು. ಆ ಬೇಜಾರು ಇನ್ನೂ ಹೋಗಿಲ್ಲ.

ದಾವಣಗೆರೆಯಲ್ಲಿ ಏಪ್ರಿಲ್ ಬಂದರೆ ಗಾಳಿ ಒಣಗಿ ರಟ್ಟು ಬಾಗುತ್ತದೆ, ಜೂನ್ ಆದಮೇಲೆ ಅದೇ ರಟ್ಟು ತೇವ ಕುಡಿದು ಉಬ್ಬುತ್ತದೆ. ವರ್ಷ ವರ್ಷ ಹೀಗೆ ಹಿಗ್ಗಿ ಕುಗ್ಗಿಯೇ ಅಂಚು ಬಿಡುತ್ತದೆ, ಅಂಟು ಬಿಡುತ್ತದೆ, ಮೇಲಿನ ಬಣ್ಣ ಬಿರಿಯುತ್ತದೆ. ಕಾಗದಕ್ಕೆ ಹಿತವಾದ ಗಾಳಿಯ ತೇವಾಂಶ ಶೇಕಡಾ 35ರಿಂದ 50. 65 ದಾಟಿ ಹಾಗೇ ನಿಂತರೆ ಬೂಸ್ಟಿಗೆ ದಾರಿಯಾಯಿತು.

ಅಳೆಯಲು ಸಣ್ಣ ಡಿಜಿಟಲ್ ಹೈಗ್ರೋಮೀಟರ್ ಸಾಕು, ಆದರೆ ಅದನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹಾಗಾಗುವಷ್ಟು ಮಾತ್ರ ನೀರು ಬೆರೆಸಿ, ಮೀಟರ್ ಜೊತೆ ಜಿಪ್ ಕವರಿನಲ್ಲಿಟ್ಟು ಮುಚ್ಚಿ, ಒಂದು ರಾತ್ರಿ ಬಿಟ್ಟು ನೋಡಿದರೆ 75ರ ಹತ್ತಿರ ತೋರಿಸಬೇಕು. ಮೀಟರ್ ಇಲ್ಲವೇ? ತಟ್ಟೆಯಲ್ಲಿ ಒಂದು ಹಿಡಿ ಮಂಡಕ್ಕಿ ಹಾಕಿಡಿ. ಒಂದು ಗಂಟೆ ಬಿಟ್ಟು ಬಾಯಿಗೆ ಹಾಕಿದಾಗ ಮೆತ್ತಗಿದ್ದರೆ ಆ ದಿನ ಡಬ್ಬ ಮುಚ್ಚಬೇಡಿ. ನಾನು ಶಿವರಾತ್ರಿಯ ಆಸುಪಾಸಿನಲ್ಲಿ, ಒಣಗಾಳಿಯ ಮಧ್ಯಾಹ್ನವೇ ಪ್ಯಾಕ್ ಮಾಡುವುದು.

ಎಲ್ಲಿಡಬೇಕು ಅನ್ನುವುದರಲ್ಲೇ ಜಾಸ್ತಿ ಜನ ತಪ್ಪುತ್ತಾರೆ. ಆರ್‌ಸಿಸಿ ಛಾವಣಿಯ ಕೆಳಗಿನ ಅಟ್ಟ ಬೇಸಿಗೆಯಲ್ಲಿ ಒಲೆಯ ಹಾಗೆ ಕಾಯುತ್ತದೆ. ಪಡುವಣ ಗೋಡೆಯೂ ಅಷ್ಟೇ. ಬಚ್ಚಲಿನ ಗೋಡೆ ಬೇಡವೇ ಬೇಡ. ಇನ್ನೊಂದು, ನೀರು ಹಾಕುವ ಕೂಲರ್ ಇರುವ ರೂಮು ಬೇಡ. ಅದು ತಂಪಿನ ಜೊತೆ ತೇವವನ್ನೂ ಊದುತ್ತದೆ ಅಲ್ವಾ? ನಡುಮನೆಯ ಒಳಗೋಡೆಯ ಬೀರುವಿನ ಮಧ್ಯದ ಖಾನೆ ಒಳ್ಳೆಯದು, ಗೋಡೆಗೆ ಒತ್ತಿಸದೆ ನಾಲ್ಕು ಬೆರಳು ಜಾಗ ಬಿಡಿ.

ಬಿಗಿ ಮುಚ್ಚಳದ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಡಬ್ಬ ತೆಗೆದುಕೊಳ್ಳಿ. ಜೋರು ವಾಸನೆ ಬರುವ ಪಿವಿಸಿ ಕವರ್ ಬೇಡ, ಬಿಸಿಲಿಗೆ ಅದು ಬಣ್ಣಕ್ಕೆ ಅಂಟುತ್ತದೆ. ರಬ್ಬರ್ ಬ್ಯಾಂಡ್, ಸೆಲ್ಲೋಟೇಪ್ ಮುಟ್ಟಿಸಲೇಬೇಡಿ. ನುಸಿಗುಳಿಗೆಯ ಆವಿ ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ, ಆಟಿಕೆ ಇರುವ ಕಡೆ ಅದೂ ಬೇಡ.

ನಾನು 20 ಲೀಟರಿನ ಡಬ್ಬಕ್ಕೆ 50 ಗ್ರಾಂ ಸಿಲಿಕಾ ಜೆಲ್, ಅಂದರೆ ತೇವ ಹೀರುವ ಹರಳು, ಹಾಕುತ್ತೇನೆ. ಅದು ಪೆಟ್ಟಿಗೆಗೆ ತಾಗಬಾರದು. ಕಿತ್ತಳೆ ಬಣ್ಣದ್ದು ಹಸಿರಾದರೆ ತೇವ ಕುಡಿದು ತುಂಬಿದೆ ಎಂದರ್ಥ, ಓವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ಡಬ್ಬದೊಳಗೆ ಮೀಟರ್ 35ಕ್ಕಿಂತ ಕೆಳಗಿಳಿದರೆ ಸ್ವಲ್ಪ ಜೆಲ್ ತೆಗೆಯಿರಿ, ಒಣಗಿದ ರಟ್ಟು ಮುರಿಯುತ್ತದೆ.

ಬೆಂಕಿಪೊಟ್ಟಣದಲ್ಲಿ ಕಡ್ಡಿ ಇಡಬೇಡಿ, ಬೆಂಕಿಯ ಭಯ ಇದ್ದೇ ಇದೆ. ಗೀರುವ ಪಟ್ಟಿಯಲ್ಲಿ ಕೆಂಪು ರಂಜಕ ಇರುತ್ತದೆ, ತೇವ ತಾಗಿದರೆ ಅದು ನಿಧಾನಕ್ಕೆ ಆಮ್ಲವಾಗಿ ಪಕ್ಕದ ಕಾಗದವನ್ನು ತಿನ್ನುತ್ತದೆ. ಹಾಗಾಗಿ ಒಂದೊಂದನ್ನೂ ಆಮ್ಲರಹಿತ ಕಾಗದದಲ್ಲಿ ಬೇರೆ ಬೇರೆ ಸುತ್ತಿ.

ಈಗಾಗಲೇ ಬೂಸ್ಟು ಬಂದಿದ್ದರೆ ಒದ್ದೆ ಬಟ್ಟೆ ಹಿಡಿಯಬೇಡಿ. ಆ ಪೆಟ್ಟಿಗೆಯನ್ನು ಬೇರೆ ಮಾಡಿ, ಒಣ ರೂಮಿನ ನೆರಳಿನಲ್ಲಿ ಎರಡು ಮೂರು ದಿನ ಬಿಡಿ. ಪೂರ್ತಿ ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆತ್ತನೆಯ ಬ್ರಷ್‌ನಿಂದ ಒಂದೇ ದಿಕ್ಕಿಗೆ ಉಜ್ಜಿ. ನಮ್ಮೂರ ಬಿಸಿಲಿಗೆ ಮಾತ್ರ ಒಡ್ಡಬೇಡಿ, ರಟ್ಟು ಬಾಗುತ್ತದೆ, ಬಣ್ಣವೂ ಮಾಸುತ್ತದೆ.